ಮುತ್ತಜ್ಜ ಹೋದ ಬಸ್ರಾ

ಹಡಗಲಿ ತಾಲ್ಲೂಕಿನ ಇಟ್ಟಿಗಿಯಲ್ಲಿ ನಮ್ಮ ಮನೆತನವನ್ನು ಬಸ್ರದವರು ಅಂತ ಕರೆಯುತ್ತಾರೆ. ಊರ ಪಡುವಣಕ್ಕಿರುವ ನಮ್ಮ ಹೊಲ ಬಸ್ರದ ಹೊಲ. ನಾನು ಸಾಲಿಗೆ ಹೋಗುವಾಗ ಮಾಸ್ತರರು ಹಾಜರಿ ಕೂಗಿದರೂ ನನ್ನ ಹೆಸರಿಗಿಂತ ಮೊದಲು ಅದನ್ನೇ ಹಚ್ಚುತ್ತಿದ್ದರು. ಯಾಕೆ ಈ ಹೆಸರು ಅಂತ ಕೇಳಿದರೆ ಮನೆಯಲ್ಲಿ ಎಲ್ಲರದೂ ಒಂದೇ ಉತ್ತರ. “ನಿಮ್ಮ ಮುತ್ತಜ್ಜ ದೊಡ್ಡ ಯುದ್ಧದಾಗ ಬಸ್ರಾಕ್ಕ ಹೋಗಿದ್ದ, ಅದಕ್ಕ.” ಬಸ್ರಾ ಎಲ್ಲಿದೆ ಅಂತ ಹೇಳುವವರಿಗೂ ಗೊತ್ತಿರಲಿಲ್ಲ. ಹೈಸ್ಕೂಲಿಗೆ ಬಂದ ಮೇಲೆ ಭೂಪಟದಲ್ಲಿ ಇರಾಕಿನ ಕೆಳತುದಿಯಲ್ಲಿ ಆ ಹೆಸರು ಕಂಡಾಗ ಅದರ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಕುರಿ ಕಾಯುತ್ತ, ಎರೆ ಹೊಲದಲ್ಲಿ ಜೋಳ ಬಿತ್ತುತ್ತ ಬಂದ ನಮ್ಮ ಮನೆಯದೂ ಜಗತ್ತಿನ ಚರಿತ್ರೆಯಲ್ಲಿ ಒಂದು ಚೂರು ಇದೆ ಅನ್ನುವ ಜಂಬ ನನಗೆ ಹತ್ತಿಕೊಂಡದ್ದು ಅವತ್ತು. ಹೊಲದ ಬದುವಿನಲ್ಲಿ ಒಂದು ಈಚಲ ಮರವಿತ್ತು. ಅದು ಈಚಲ ಅಲ್ಲ, ಮುತ್ತಜ್ಜ ಬಸ್ರಾದಿಂದ ತಂದು ಹಾಕಿದ ಖರ್ಜೂರದ ಬೀಜದ್ದು ಅಂತ ನಾವು ಹುಡುಗರಿಗೆಲ್ಲ ಹೇಳುತ್ತಿದ್ದೆವು. ಹಣ್ಣು ಒಗರೇ ಇರುತ್ತಿತ್ತು.

ಈಗ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಊಟದ ಹೊತ್ತಿನಿಂದ ಸಾಲಿ ಬಿಡುವ ತನಕ ಗಿರಾಕಿ ಕಡಿಮೆ. ಆಗ ಫೋನಿನಲ್ಲಿ ಚರಿತ್ರೆಯ ಮಾತುಕತೆ ಕೇಳುವ ಚಟ ನನಗೆ ಕೆಲವು ವರ್ಷಗಳಿಂದ ಇದೆ. ಇತಿಹಾಸ ಓದಿದವರನ್ನು ಕೂರಿಸಿಕೊಂಡು ಯಾರೋ ಒಬ್ಬರು ಪ್ರಶ್ನೆ ಕೇಳುತ್ತಾರೆ, ಅವರು ರೋಮು, ಚೀನಾ, ಅರಬರ ಹಡಗು, ಆಫ್ರಿಕಾದ ಬಂಗಾರ ಅಂತ ಹೇಳುತ್ತ ಹೋಗುತ್ತಾರೆ. ಕೇಳುವಾಗ ಹಿತವಾಗಿರುತ್ತದೆ, ಮುಗಿದ ಮೇಲೆ ತಲೆ ಗೊಂದಲ. ಇವತ್ತಿನವರು ಹೌದು ಅಂದದ್ದನ್ನು ನಾಳೆಯವರು ಅಲ್ಲ ಅನ್ನುತ್ತಾರೆ. ನನ್ನ ಕಸುಬಿನಲ್ಲಿ ಹಾಗೆ ನಡೆಯುವುದಿಲ್ಲ. ಪಟ್ಟಿಯ ಮೇಲೆ ಏನು ಬರೆದಿದೆಯೋ ಒಳಗಿನ ಗುಳಿಗೆ ಅದೇ ಆಗಿರಬೇಕು.

ಒಂದು ಮಧ್ಯಾಹ್ನ ಅಂಥ ಮಾತುಕತೆಯಲ್ಲಿ ಮೊದಲನೇ ಮಹಾಯುದ್ಧದ ವಿಷಯ ಬಂತು. ಮಾತಾಡುತ್ತಿದ್ದವರು ಮೈಸೂರಿನ ಒಬ್ಬ ನಿವೃತ್ತ ಪ್ರಾಧ್ಯಾಪಕಿ. ಬಸ್ರಾ ಬಂದರಿನಲ್ಲಿ ನಮ್ಮ ದೇಶದ ಜನ ಎಷ್ಟೋ ಸಾವಿರ ಸಂಖ್ಯೆಯಲ್ಲಿ ಇಳಿದರು ಅಂದರು. ನಾನು ಕೈಯಲ್ಲಿದ್ದ ಟಾನಿಕ್ ಬಾಟಲಿಯನ್ನು ಕೆಳಗಿಟ್ಟೆ. ಅವರ ಇ-ಮೇಲ್ ವಿಳಾಸ ಹುಡುಕಿ, ನಮ್ಮ ಮುತ್ತಜ್ಜನ ಸಂಗತಿ ಬರೆದು, ನನ್ನ ನಂಬರನ್ನೂ ಕೊಟ್ಟೆ. ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಒಂದು ವಾರದೊಳಗೆ ಅವರೇ ಫೋನ್ ಮಾಡಿದರು.

“ನಿಮ್ಮ ಮುತ್ತಜ್ಜ ಯಾವ ಪಡೆಯಲ್ಲಿದ್ದರು?”

“ಸೈನ್ಯದಾಗ್ರಿ ಮೇಡಂ.”

“ಸೈನಿಕರೇ ಆಗಿರಬೇಕು ಅಂತ ಏನಿಲ್ಲ. ಹೇಸರಗತ್ತೆ ಹೊಡೆಯೋರು, ನೀರು ಹೊರೋರು, ಅಡಿಗೆಯೋರು, ಬಂದರಿನಲ್ಲಿ ಮೂಟೆ ಇಳಿಸೋರು, ಇವರೂ ಬಹಳ ಜನ ಹೋಗಿದ್ದರು. ಇವರ ಹೆಸರು ಸಿಗೋದು ಕಷ್ಟ. ನಿಮ್ಮ ಮುತ್ತಜ್ಜ ಎಲ್ಲಿ ಸೇರಿದರು? ಯಾವ ಊರಿಂದ ರೈಲು ಹತ್ತಿದರು? ಪದಕ ಏನಾದರೂ ಇದೆಯಾ?”

ಅಷ್ಟು ವರ್ಷ ಹೇಳಿಕೊಂಡು ಬಂದ ಕಥೆಯಲ್ಲಿ ಒಂದೇ ಒಂದು ವಾಕ್ಯ ಇದೆ ಅನ್ನುವುದು ಆಗ ತಿಳಿಯಿತು. ಅಲ್ಲದೆ ಬಂದೂಕು ಹಿಡಿದಿದ್ದ ಮುತ್ತಜ್ಜ ನನ್ನ ಕಣ್ಣೆದುರೇ ಮೂಟೆ ಹೊತ್ತುಕೊಂಡು ನಿಂತಂತಾಗಿ ಒಂಥರಾ ಪೆಚ್ಚಾದೆ.

ಇಷ್ಟೇ ಆಗಿದ್ದರೆ ಸುಮ್ಮನಾಗುತ್ತಿದ್ದೆನೇನೋ. ಆದರೆ ಅದೇ ವರ್ಷ ಊರಿನ ಸಾಲಿಯ ಹಳೇ ವಿದ್ಯಾರ್ಥಿಗಳು ಸೇರಿ, ಇಟ್ಟಿಗಿಯಿಂದ ಸೈನ್ಯಕ್ಕೆ ಹೋದವರ ಹೆಸರು ಕೆತ್ತಿಸಿ ಸಾಲಿ ಮುಂದೆ ಒಂದು ಕಲ್ಲು ನಿಲ್ಲಿಸಬೇಕು ಅಂತ ತೀರ್ಮಾನಿಸಿದ್ದರು. ಕೂಡ್ಲಿಗಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ತಮ್ಮ ಅದರ ಮುಂದಾಳು. ಎಲ್ಲರಿಗಿಂತ ಮೇಲೆ ನಮ್ಮ ಮುತ್ತಜ್ಜನ ಹೆಸರು ಇರಬೇಕು ಅನ್ನುವುದು ಅವನ ಆಸೆ.

“ಅಣ್ಣ, ನೀನು ದೊಡ್ಡ ದೊಡ್ಡವರ ಜೋಡಿ ಮಾತಾಡ್ತಿ. ಅವರಿಂದ ಒಂದು ಮಾತು ಹೇಳ್ಸಿಬಿಡು. ಯಾರೂ ನಾಳೆ ತಕರಾರು ತಗೀಬಾರ್ದು,” ಅಂದ.

ಹೀಗೆ ನಾನು ಎರಡನೆಯ ಪಂಡಿತರ ಹತ್ತಿರ ಹೋದೆ. ಕೊಟ್ಟೂರಿನಲ್ಲಿರುವ ಅವರು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಈ ಸೀಮೆಯ ಶಾಸನಗಳನ್ನೂ ಊರು ಹೊಲಗಳ ಹೆಸರುಗಳನ್ನೂ ಹುಡುಕುತ್ತ ಸೈಕಲ್ ಮೇಲೆ ತಿರುಗಿದವರು ಅಂತ ಹೆಸರಾಗಿದ್ದರು. ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದಾಗ ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸಿ ತಿನ್ನಿಸಿದ ಮೇಲೇ ಮಾತು ಶುರು ಮಾಡಿದರು.

“ನಿಮ್ಮ ಹೊಲದ ಹೆಸರು ಆ ಯುದ್ಧಕ್ಕಿಂತ ಹಳೇದೋ, ಆಮ್ಯಾಲೆ ಬಂದದ್ದೋ?”

“ಗೊತ್ತಿಲ್ರಿ ಸರ್.”

“ಬಸರಿ ಮರ ಅಂತ ಒಂದೈತಿ, ಕೇಳೀರೇನು? ಆಲ, ಅರಳಿ, ಅತ್ತಿ, ಬಸರಿ, ಎಲ್ಲಾ ಒಂದೇ ಬಳಗ. ಅದರ ಹೆಸರು ಹೊತ್ತ ಊರು, ಕಟ್ಟಿ, ಹಳ್ಳ ಕರ್ನಾಟಕದಾಗ ಬೇಕಾದಷ್ಟವ. ಬಸರಿ ಇದ್ದ ಹೊಲ ಬಸ್ರಿ ಹೊಲ ಆಗತೈತಿ. ಬಾಯಿಂದ ಬಾಯಿಗೆ ಬಂದು ಬಸ್ರದ ಹೊಲ ಆಗತೈತಿ. ಆ ಹೊಲದವರು ಬಸ್ರದವರು.”

“ನಮ್ಮ ಹೊಲದಾಗ ಬಸರಿ ಮರ ಇಲ್ರಿ.”

“ಇದ್ದದ್ದನ್ನ ಕಡಿದಿರಬಹುದಲ್ಲ.”

“ಹಂಗಾದ್ರ ನಮ್ಮ ಮುತ್ತಜ್ಜ ಬಸ್ರಾಕ್ಕ ಹೋಗಲಿಲ್ಲೇನ್ರಿ?”

ಅವರು ಕೈ ಒರೆಸಿಕೊಳ್ಳುತ್ತ ಹೇಳಿದರು. “ಹೋಗಿರಬಹುದು, ಹೋಗದೇನೂ ಇರಬಹುದು. ಹೊಲದ ಹೆಸರು ಅದಕ್ಕ ಸಾಕ್ಷಿ ಆಗಂಗಿಲ್ಲ. ನಾನು ಹೇಳಿದ್ದು ಅಷ್ಟೇ.”

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು. “ಅಂದ್ರ ನೀವು ಬಸರಿ ಮನಿತನದವರು. ನಾನು ಇಷ್ಟು ದಿವಸ ಮಿಲ್ಟ್ರಿ ಮನಿತನಕ್ಕ ಬಂದೀನಿ ಅಂದ್ಕೊಂಡಿದ್ದೆ.” ನನಗೆ ನಗು ಬರಲಿಲ್ಲ. ಮೈಸೂರಿನ ಮೇಡಂಗೆ ಫೋನ್ ಮಾಡಿದೆ. ಅವರು ಕೊಟ್ಟೂರಿನವರ ಮಾತನ್ನು ಅಲ್ಲಗಳೆಯುತ್ತಾರೆ ಅಂತ ಒಳಗೊಳಗೇ ಆಸೆಯಿತ್ತು.

“ಅವರು ಹೇಳಿದ್ದು ಸರಿಯಾಗಿದೆ,” ಅಂದರು ಅವರು. “ಕಥೆಯಿಂದ ಹೆಸರು ಹುಟ್ಟೋದುಂಟು. ಇದ್ದ ಹೆಸರಿಗೆ ಆಮೇಲೆ ಕಥೆ ಕಟ್ಟೋದೂ ಉಂಟು.”

“ನಮ್ಮದು ಯಾವುದು ಮೇಡಂ?”

“ನಿಮ್ಮ ಮನೆಯಲ್ಲಿ ಅವರನ್ನ ಕಣ್ಣಾರೆ ಕಂಡವರು ಯಾರಾದರೂ ಇದ್ದಾರಾ?”

ಇದ್ದಳು. ನನ್ನ ಸೋದರತ್ತಿ, ಅಪ್ಪನ ಅಕ್ಕ. ಊರಲ್ಲೇ ಕೊಟ್ಟ ಮಗಳು. ಮಗ ಸೊಸೆ ಮೊಮ್ಮಕ್ಕಳ ನಡುವೆ ತುಂಬಿದ ಮನೆಯಲ್ಲಿ ಎಲ್ಲರ ಮೇಲೂ ದರ್ಬಾರು ಮಾಡಿಕೊಂಡಿದ್ದಾಳೆ. ಮುತ್ತಜ್ಜ ತೀರಿಕೊಂಡಾಗ ಅವಳಿಗೆ ಹತ್ತು ಹನ್ನೆರಡು ವರ್ಷ ಇದ್ದಿರಬೇಕು. ಬಸ್ರಾದ ಕಥೆಯನ್ನು ನಮಗೆಲ್ಲ ಹೆಚ್ಚು ಸಲ ಹೇಳಿದವಳೂ ಅವಳೇ.

ಚಳಿಗಾಲದಲ್ಲಿ ಮೇಡಂ ಉಚ್ಚಂಗಿದುರ್ಗದ ಕೋಟೆ ನೋಡಲು ತಮ್ಮ ಹಳೆಯ ವಿದ್ಯಾರ್ಥಿಗಳ ಜೊತೆ ಬಂದರು. ಹರಪನಹಳ್ಳಿಯಲ್ಲಿ ಉಳಿದುಕೊಂಡಿದ್ದೇನೆ, ಒಂದು ದಿನ ಬಿಡುವಿದೆ, ನಿಮ್ಮ ಅತ್ತೆಯವರನ್ನ ಮಾತಾಡಿಸಬಹುದಾ ಅಂತ ಕೇಳಿದರು. ನಾನು ಕಾರು ತಗೊಂಡು ಹೋಗಿ ಕರೆತಂದೆ. ಎತ್ತರದ, ಬಿಳಿ ಕೂದಲಿನ, ಮೆಲ್ಲಗೆ ಮಾತಾಡುವ ಹೆಂಗಸು. ದಾರಿಯುದ್ದಕ್ಕೂ ಮೆಕ್ಕೆಜೋಳದ ರಾಶಿ ನೋಡುತ್ತ, ಇದೂ ಸಮುದ್ರ ದಾಟಿ ಬಂದ ಬೆಳೆ ಅಂತ ಒಂದು ಸಲ ಹೇಳಿದರು. ಊರ ಹತ್ತಿರ ನಾನು ನಮ್ಮ ಹೊಲದ ಬದುವಿನ ಮರ ತೋರಿಸಿ ಖರ್ಜೂರವೋ ಈಚಲೋ ಅಂತ ಕೇಳಿದಾಗ, “ನನಗೆ ಮರ ಗೊತ್ತಾಗೋದಿಲ್ಲಪ್ಪ,” ಅಂದುಬಿಟ್ಟರು.

ಅತ್ತಿ ಪಡಸಾಲಿಯಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದಳು. ಮೊದಲು ಪ್ರಶ್ನೆ ಕೇಳಿದ್ದು ಅವಳೇ. ಯಾವೂರು, ಮಕ್ಕಳೆಷ್ಟು, ಗಂಡ ಏನು ಮಾಡ್ತಾನ, ಇಷ್ಟು ದೂರ ಯಾಕ ಬಂದಿ. ಮೇಡಂ ಎಲ್ಲದಕ್ಕೂ ನಿಧಾನವಾಗಿ ಉತ್ತರ ಕೊಟ್ಟು, ತಾವೂ ಒಂದು ಹಿಡಿ ಶೇಂಗಾ ತಗೊಂಡು ಬಿಡಿಸತೊಡಗಿದರು. ಬಸ್ರಾದ ಸುದ್ದಿಯನ್ನೇ ತೆಗೆಯಲಿಲ್ಲ. ನನಗೆ ಚಡಪಡಿಕೆ.

“ನಿಮ್ಮ ಅಜ್ಜ ಹೇಗಿದ್ದರು?” ಅಂತ ಕೇಳಿದರು ಕೊನೆಗೆ.

ಅತ್ತಿ ಕೈ ನಿಲ್ಲಿಸಿದಳು. “ಮಾತು ಕಡಿಮಿ ಅವ್ವಾ. ಕುರಿ ಜೋಡಿ ಮಾತಾಡ್ತಿದ್ದ, ಮನ್ಯಾಗ ಇಲ್ಲ. ಊಟಕ್ಕ ಕುಂತ್ರ ಗಂಗಾಳದ ಮುಂದ ಒಂದು ಕೈ ಅಡ್ಡ ಇಟ್ಕೊಂಡು ಉಣ್ತಿದ್ದ, ಯಾರರ ಕಸ್ಕೊಂಡು ಹೋಗ್ತಾರೇನೋ ಅನ್ನೋಹಂಗ.”

“ಬಸ್ರಾದ ವಿಷಯ ಏನಾದರೂ ಹೇಳ್ತಿದ್ದರಾ?”

“ಅವನ ಬಾಯಾಗ ಆ ಹೆಸರು ನಾ ಕೇಳಿಲ್ಲ. ಅದು ನಮ್ಮಜ್ಜಿ ಮಾತು.”

“ಅಜ್ಜಿ ಏನು ಹೇಳ್ತಿದ್ದರು?”

ಅತ್ತಿ ನನ್ನ ಕಡೆ ಒಂದು ಸಲ ನೋಡಿ, ಮೇಡಂ ಕಡೆ ತಿರುಗಿದಳು. ಆಮೇಲೆ ಹೇಳಿದ್ದು ನಾನು ಎಂದೂ ಕೇಳದ ಕಥೆ. ಕುರಿ ಮೇಯಿಸುವ ಜಗಳದಲ್ಲಿ ಮುತ್ತಜ್ಜ ಯಾರದೋ ತಲೆ ಒಡೆದಿದ್ದನಂತೆ. ಅವನನ್ನು ಹಿಡಿದುಕೊಂಡು ಬಳ್ಳಾರಿ ಜೈಲಿಗೆ ಒಯ್ದರಂತೆ. ಎಷ್ಟೋ ವರ್ಷ ಅವನ ಸುದ್ದಿಯೇ ಇರಲಿಲ್ಲ. ತಿರುಗಿ ಬಂದಾಗ ಮನೆಯಲ್ಲಿ ಯಾರೂ ಇಲ್ಲ. ಆ ಹೊತ್ತಿಗೆ ಊರಿಗೆಲ್ಲ ಕೆಮ್ಮು ಜ್ವರದ ಬೇನೆ ಬಂದು, ಮೊದಲ ಹೆಂಡತಿ, ಕೂಸು ಇಬ್ಬರೂ ಹೋಗಿದ್ದರು. ಆಮೇಲೆ ಮಾಡಿಕೊಂಡ ಹೆಂಡತಿಯೇ ನಮ್ಮ ಮುತ್ತಜ್ಜಿ.

“ನೀರಿಗೆ ಹೋದ್ರ, ಹೊಲಕ್ಕ ಹೋದ್ರ, ಜೈಲಿನವನ ಹೇಣ್ತಿ ಅಂತಿದ್ರಂತ. ಅವತ್ತಿಂದ ನಮ್ಮಜ್ಜಿ ಶುರು ಮಾಡಿದ್ಲು, ನನ್ನ ಗಂಡ ಜೈಲಿಗೆ ಹೋಗಿಲ್ಲ, ಬಸ್ರಾಕ್ಕ ಹೋಗ್ಯಾನ ಅಂತ. ಹೇಳಿ ಹೇಳಿ ಊರಿನವರೂ ಹಂಗ ಅಂದ್ರು.”

“ಬಸ್ರಾ ಅನ್ನೋ ಹೆಸರು ಅಜ್ಜಿಗೆ ಎಲ್ಲಿಂದ ಸಿಕ್ಕಿತು?”

“ಅದು ನನಗ ಗೊತ್ತಿಲ್ಲವ್ವ.”

“ಅತ್ತಿ, ಇದನ್ನ ನನಗ್ಯಾಕ ಯಾವತ್ತೂ ಹೇಳಲಿಲ್ಲ?” ಅಂದೆ.

“ನೀ ಬಸ್ರಾ ಬಸ್ರಾ ಅಂತ ಕೇಳ್ದಿ, ನಾ ಬಸ್ರಾ ಹೇಳ್ದೆ. ಅಜ್ಜ ಹೆಂಗಿದ್ದ ಅಂತ ಯಾವತ್ತರ ಕೇಳೀಯೇನು?” ಅಂತ ಮತ್ತೆ ಶೇಂಗಾಕ್ಕೆ ಕೈ ಹಾಕಿದಳು.

ವಾಪಸು ಹೊರಟಾಗ ಒಂದು ಮನೆತನ ನೂರು ವರ್ಷ ಸುಳ್ಳು ಹೇಳಿಕೊಂಡು ಬಂತಲ್ಲ ಅನ್ನುವ ಅವಮಾನ, ಮೈಸೂರಿನವರ ಹೊತ್ತು ಹಾಳು ಮಾಡಿದೆನಲ್ಲ ಅನ್ನುವ ಸಂಕೋಚ. ಊರು ದಾಟಿದ ಮೇಲೆ, “ತಪ್ಪು ತಿಳೀಬ್ಯಾಡ್ರಿ ಮೇಡಂ, ಇಷ್ಟು ದೂರ ಕರ್ಕೊಂಡು ಬಂದೆ,” ಅಂದೆ.

“ಯಾಕೆ?”

“ಬಸ್ರಾ ಇಲ್ಲ ಅಂತ ಆತಲ್ರಿ.”

“ಹಾಗೆ ಯಾರು ಹೇಳಿದರು?” ಅವರು ಕಿಟಕಿಯಿಂದ ಮುಖ ತಿರುಗಿಸಿದರು. “ಆ ಯುದ್ಧಕ್ಕೆ ಕೂಲಿ ಸಾಲದೆ ಜೈಲುಗಳಿಂದಲೂ ಜನರನ್ನ ಬಸ್ರಾ ಕಡೆಗೆ ಕಳಿಸಿದ್ದರು. ಹೋಗಿ ದುಡಿದರೆ ಶಿಕ್ಷೆ ಕಡಿಮೆ ಮಾಡ್ತೀವಿ ಅಂತ. ಇದು ದಾಖಲೆಯಲ್ಲಿರೋ ಸಂಗತಿ.”

ನಾನು ಕಾರನ್ನು ರಸ್ತೆ ಬದಿಗೆ ತೆಗೆದುಕೊಂಡು ನಿಲ್ಲಿಸಿದೆ. “ಅಂದ್ರ ನಮ್ಮ ಮುತ್ತಜ್ಜ ಜೈಲಿಗೂ ಹೋಗಿ ಬಸ್ರಾಕ್ಕೂ ಹೋಗಿದ್ದನೇನ್ರಿ?”

“ಹೋಗಿರಬಹುದು ಅಂದೆ. ಬಳ್ಳಾರಿಯಿಂದ ಕಳಿಸಿದ್ದರಾ ಅಂತ ನನಗೆ ಗೊತ್ತಿಲ್ಲ. ಇನ್ನೊಂದು ಕೇಳಿ. ಅದೇ ಯುದ್ಧದಲ್ಲಿ ಸೆರೆ ಸಿಕ್ಕ ತುರ್ಕಿ ಸೈನಿಕರನ್ನ ಬಳ್ಳಾರಿಗೆ ತಂದು ಇಟ್ಟಿದ್ದರು. ಅವರಲ್ಲಿ ಆ ಕಡೆಯ ಅರಬರೂ ಇದ್ದಿರಬಹುದು. ನಿಮ್ಮ ಮುತ್ತಜ್ಜ ಬಳ್ಳಾರಿಯಲ್ಲೇ ಇದ್ದು ಆ ಹೆಸರು ಅವರ ಬಾಯಿಂದ ಕೇಳಿದ್ದರೂ ಕೇಳಿರಬಹುದು.”

“ಅಂದ್ರ ಇವನು ಬಸ್ರಾಕ್ಕ ಹೋಗಿಲ್ಲ, ಬಸ್ರಾನೇ ಬಳ್ಳಾರಿಗೆ ಬಂದಿತ್ತು.”

“ಅದೂ ಇರಬಹುದು.”

“ಇಲ್ಲಾ ಬಸರಿ ಮರ.”

“ಹೌದು, ಅದನ್ನೂ ಬಿಡೋ ಹಾಗಿಲ್ಲ.” ಅವರು ಮುಂದುವರಿಸಿದರು. “ಆ ಜ್ವರ ಮಾತ್ರ, ೧೯೧೮ರ ಇನ್‌ಫ್ಲುಯೆಂಜಾ ಅದು, ಖಂಡಿತ ಹೊರಗಿಂದ ಬಂದದ್ದು. ಯುದ್ಧದಿಂದ ಮರಳಿದ ಹಡಗುಗಳ ಜೊತೆ ಮುಂಬಯಿಗೆ ಬಂತು, ಅಲ್ಲಿಂದ ರೈಲಿನಲ್ಲಿ ಒಳನಾಡಿಗೆ. ನಿಮ್ಮ ಮುತ್ತಜ್ಜ ಹೋದರೋ ಇಲ್ಲವೋ, ಯುದ್ಧ ನಿಮ್ಮ ಮನೆಗೆ ಬಂದಿತ್ತು.”

ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರ್ ಹಾರ್ನ್ ಹೊಡೆಯುತ್ತಿತ್ತು. ಕಾರು ಮುಂದೆ ತೆಗೆದೆ. ಹರಪನಹಳ್ಳಿಯವರೆಗೂ ನನ್ನ ತಲೆಯಲ್ಲಿ ಒಂದೇ ವಿಚಾರ. ಆ ಜ್ವರ ಬಾರದೇ ಇದ್ದಿದ್ದರೆ ಮೊದಲ ಹೆಂಡತಿ ಉಳಿಯುತ್ತಿದ್ದಳು. ಅವಳು ಉಳಿದಿದ್ದರೆ ನಮ್ಮ ಮುತ್ತಜ್ಜಿ ಬರುತ್ತಿರಲಿಲ್ಲ, ಅಜ್ಜ ಇಲ್ಲ, ಅಪ್ಪ ಇಲ್ಲ, ನಾನಿಲ್ಲ. ಹೆಸರು ಸಹ ಗೊತ್ತಿಲ್ಲದ ಒಬ್ಬ ಹೆಂಗಸು ಮತ್ತು ಅವಳ ಕೂಸು ಸತ್ತದ್ದಕ್ಕೆ ನಾನು ಸ್ಟಿಯರಿಂಗ್ ಹಿಡಿದು ಕೂತಿದ್ದೇನೆ. ಇದನ್ನು ತಿಳಿದು ನಾನು ಏನು ಮಾಡಬೇಕು ಅಂತ ಮೇಡಂಗೆ ಕೇಳಬೇಕೆನಿಸಿತು. ಅಷ್ಟರಲ್ಲಿ ಹರಪನಹಳ್ಳಿ ಬಂತು.

ಮರುವಾರ ಕೂಡ್ಲಿಗಿಗೆ ಹೋಗಿ ತಮ್ಮನ ಅಂಗಡಿಯಲ್ಲಿ, ಗೊಬ್ಬರದ ಚೀಲಗಳ ನಡುವೆ ಕೂತು ಎಲ್ಲವನ್ನೂ ಹೇಳಿದೆ. ಅವನ ಮುಖ ಕೆಂಪಾಯಿತು.

“ಜೈಲಿಗೆ ಹೋಗಿದ್ದ ಅಂತ ಕಲ್ಲಿನ ಮ್ಯಾಲೆ ಕೆತ್ತಿಸ್ಲೇನು?”

“ಕೆತ್ತಿಸು ಅನ್ನಲಿಲ್ಲೋ. ಗೊತ್ತಾಗೋತನಕ ಹೆಸರು ಬ್ಯಾಡ ಅಂತೀನಿ.”

“ಜೈಲಿಂದಾನೂ ಜನರನ್ನ ಬಸ್ರಾಕ್ಕ ಕಳ್ಸಿದ್ರು ಅಂತ ಆ ಮೇಡಮ್ಮಾರು ಹೇಳಿದ್ದು ಖರೇನೋ ಸುಳ್ಳೋ?”

“ಖರೇ.”

“ಮತ್ತ ಮುಗೀತಲ್ಲ. ಹೋಗ್ಯಾನ.”

“ಹೋಗಿರಬಹುದು ಅಂದಾರ.”

“ಅಣ್ಣ, ಕಲ್ಲಿನ ಮ್ಯಾಲೆ ‘ಇರಬಹುದು’ ಅಂತ ಕೆತ್ತಾಕ ಬರಂಗಿಲ್ಲ.”

ಗಟ್ಟಿಯಾಗಿ ಬೇಡ ಅನ್ನಲು ಮುತ್ತಜ್ಜ ಹೋಗಿಲ್ಲ ಅನ್ನುವುದೂ ನನಗೆ ಗೊತ್ತಿರಬೇಕಿತ್ತು. ಚಹಾ ಕುಡಿದು ಬಂದೆ.

ಕಲ್ಲು ನಿಂತಿತು. ಕರಿ ಕಲ್ಲು, ಬಿಳಿ ಬಣ್ಣ ತುಂಬಿದ ಅಕ್ಷರ. ಎಲ್ಲಕ್ಕಿಂತ ಮೇಲೆ ಮುತ್ತಜ್ಜನ ಹೆಸರು, ಅದರ ಮುಂದೆ ‘ಮೊದಲನೇ ಮಹಾಯುದ್ಧ, ಬಸ್ರಾ’. ಯಾರೂ ಸಾಕ್ಷಿ ಕೇಳಲಿಲ್ಲ, ಯಾರೂ ತಕರಾರು ತೆಗೆಯಲಿಲ್ಲ. ಊರಿನ ನಿವೃತ್ತ ಯೋಧರಿಗೆ ಶಾಲು ಹೊದಿಸಿದರು. ಅವರಲ್ಲಿ ಹಿಮದ ಗಡಿಯಲ್ಲಿ ಕಾಲ್ಬೆರಳು ಕಳೆದುಕೊಂಡ ಒಬ್ಬರು ನನ್ನ ಕೈ ಹಿಡಿದು, “ನಮಗೆಲ್ಲ ನಿಮ್ಮ ಹಿರೇರೇ ಮೊದಲಿನವ್ರು,” ಅಂದರು. ಹ್ಞೂಂ ಅನ್ನಲೂ ಆಗದೆ ಅಲ್ಲ ಅನ್ನಲೂ ಆಗದೆ ಅವರ ಕೈಯನ್ನು ಅದುಮಿದೆ. ಎಲ್ಲರೂ ಚಪ್ಪಾಳೆ ತಟ್ಟುವಾಗ ನಾನೂ ತಟ್ಟಿದೆ, ಸ್ವಲ್ಪ ತಡವಾಗಿ. ಕೊಟ್ಟೂರಿನ ಸರ್ ಕೂಡ ಬಂದಿದ್ದರು. ಕಲ್ಲಿನ ಹತ್ತಿರ ಬಗ್ಗಿ ಪೂರಾ ಓದಿ, “ಅಕ್ಷರ ಚಲೋ ಬಂದಾವ,” ಅಂತಷ್ಟೇ ಹೇಳಿ ಬಸ್ಸಿಗೆ ಹೋದರು.

ಫೋಟೋ ತೆಗೆದು ಮೇಡಂಗೆ ಕಳಿಸಿದೆ. ಸಂಜೆ ಫೋನ್ ಬಂತು. ಬೈಯುತ್ತಾರೆ ಅಂದುಕೊಂಡಿದ್ದೆ.

“ಇನ್ನು ನೂರು ವರ್ಷಕ್ಕೆ ನನ್ನಂಥವರು ಯಾರಾದರೂ ಆ ಕಲ್ಲು ಓದ್ತಾರೆ. ಸಾಕ್ಷಿ ಸಿಕ್ಕಿತು ಅಂತ ಬರ್ಕೊಳ್ತಾರೆ,” ಅಂದರು. ಬೇಸರವೋ ತಮಾಷೆಯೋ ಅವರ ದನಿಯಲ್ಲಿ ಗೊತ್ತಾಗಲಿಲ್ಲ.

“ತಪ್ಪಾತೇನ್ರಿ ಮೇಡಂ?”

“ನಾನು ಓದಿರೋ ಎಷ್ಟೋ ಕಲ್ಲುಗಳನ್ನ ಹೀಗೇ ಯಾರೋ ತಮ್ಮಂದಿರು ನಿಲ್ಲಿಸಿರ್ತಾರೆ. ಏನು ಹೇಳಲಿ?”

ಅವತ್ತಿನಿಂದ ಫೋನಿನಲ್ಲಿ ಚರಿತ್ರೆಯ ಮಾತುಕತೆ ಕೇಳುವುದು ನಿಲ್ಲಿಸಿಲ್ಲ, ಆದರೆ ಕೇಳುವ ರೀತಿ ಕೆಟ್ಟುಹೋಗಿದೆ. ಯಾರಾದರೂ ಒಬ್ಬ ರಾಜ ಇಂಥ ಕಡೆ ಗೆದ್ದ ಅಂತ ಹೇಳಿದರೆ, ಹಾಗಂತ ಅವನ ಹೆಂಡತಿ ಹೇಳಿದಳೋ ಅಂತ ಅನುಮಾನ ಬರುತ್ತದೆ.

ಇತ್ತೀಚೆಗೆ ಸೋದರತ್ತಿಗೆ ಮಂಡಿನೋವಿನ ಗುಳಿಗೆ ಕೊಡಲು ಇಟ್ಟಿಗಿಗೆ ಹೋಗಿದ್ದೆ. ಈ ಸಲ ಬಸ್ರಾ ಅನ್ನಲಿಲ್ಲ. “ನಿಮ್ಮಜ್ಜನದು ಇನ್ನೂ ಏನರ ನೆನಪೈತೇನು ಅತ್ತಿ?” ಅಂದೆ.

ಅವಳು ಗುಳಿಗೆಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. “ನೀರಿಗೆ ಭಾಳ ಹೆದರ್ತಿದ್ದ. ಹೊಳಿ ದಾಟಾಕ ಎಲ್ಲಾರೂ ಹರಿಗೋಲು ಹತ್ತಿದ್ರ ಅವ ಹತ್ತುತಿದ್ದಿಲ್ಲ. ಆಚೆ ದಂಡಿಯಾಗ ಬೀಗರ ಮದವಿ ಇತ್ತು, ಎಲ್ಲಾರೂ ಹೋದ್ವಿ. ಅವ ಈಚಿ ದಂಡಿಮ್ಯಾಗ ಕುಂತು, ನಾವು ತಿರುಗಿ ಬರೋತನಕ ಅಲ್ಲೇ ಇದ್ದ.”

“ಸಮುದ್ರ ನೋಡಿದವ ಅದಕ್ಕ ಹೆದರ್ತಿದ್ನೋ, ನೀರನ್ನ ನೋಡದ ಕುರಿ ಕಾಯೋನು ಅಂತ ಹೆದರ್ತಿದ್ನೋ?”

“ನನಗೇನು ಗೊತ್ತಲೇ. ನಿಮ್ಮ ಮೇಡಮ್ಮಾರನ್ನ ಕೇಳು.”

ಕೇಳಿದೆ. ಮರುದಿನ ಅಂಗಡಿಯಿಂದಲೇ ಮೇಡಂಗೆ ಫೋನ್ ಮಾಡಿದ್ದೆ. ಅವರು ತಿರುಗಿ ನನ್ನನ್ನೇ ಕೇಳಿದರು, “ಅವರಿಗೆ ಈಜು ಬರ್ತಿತ್ತಾ?”

ಅದನ್ನು ನಾನು ಅತ್ತಿಯನ್ನು ಕೇಳಿರಲಿಲ್ಲ. ಅಂಗಡಿಯ ಮುಂದೆ ಯಾರೋ ಚೀಟಿ ಚಾಚಿಕೊಂಡು ನಿಂತಿದ್ದರು. ಗೊತ್ತಿಲ್ಲ ಮೇಡಂ ಅಂತ ಹೇಳಿ ಫೋನ್ ಇಟ್ಟೆ.